ಮೋಡೆಮ್ಮಿನ ಆಜ್ಞಾಭಾಷೆ

2025ರ ಸೆಪ್ಟೆಂಬರ್ 30ರಂದು ಅಮೆರಿಕದ ಎಒಎಲ್ ಸಂಸ್ಥೆ ತನ್ನ ಡಯಲ್-ಅಪ್ ಸೇವೆಯನ್ನು ನಿಲ್ಲಿಸಿತು. ಮನೆಯ ದೂರವಾಣಿಯಿಂದ ಒಂದು ಸಂಖ್ಯೆಗೆ ಕರೆಮಾಡಿ, ಆ ಕರೆಯ ಮೂಲಕವೇ ಅಂತರಜಾಲವನ್ನು ಸೇರುವ ಹಳೆಯ ಕ್ರಮವದು. ಸುದ್ದಿಯನ್ನು ಓದಿದ ನನ್ನ ಪರಿಚಿತರಲ್ಲಿ ಹಲವರು ಮೊದಲು ನೆನೆದದ್ದು ಒಂದು ಸದ್ದನ್ನು. ಕರೆ ಕೂಡುತ್ತಿದ್ದಂತೆ ಪುಟ್ಟ ಪೆಟ್ಟಿಗೆಯೊಂದರಿಂದ ಹೊರಡುತ್ತಿದ್ದ ಕೀಚುದನಿ, ಅದರ ಬೆನ್ನಿಗೆ ಮಳೆ ಹೊಯ್ದಂಥ ಮೊರೆತ, ಬಳಿಕ ಥಟ್ಟನೆ ನಿಶ್ಶಬ್ದ. ಸದ್ದನ್ನು ನೆನೆದವರು ಮಾತನ್ನು ಮರೆತರಲ್ಲ ಎಂದು ನನಗೆ ಅನ್ನಿಸಿತು. ಏಕೆಂದರೆ ಆ ಸದ್ದಿಗೆ ಮೊದಲು ಮನುಷ್ಯನು ಆ ಪೆಟ್ಟಿಗೆಗೆ ನಾಲ್ಕಾರು ಅಕ್ಷರಗಳಲ್ಲಿ ಒಂದು ಆಜ್ಞೆಯನ್ನು ಕೊಡಬೇಕಾಗಿತ್ತು; ಪೆಟ್ಟಿಗೆಯೂ ಅಕ್ಷರಗಳಲ್ಲಿಯೇ ಮರುನುಡಿಯುತ್ತಿತ್ತು. ಆ ಸಂಭಾಷಣೆಯ ಭಾಷೆಯನ್ನು ಕಟ್ಟಿದವರು ಯಾರು, ಅದು ಹಾಗೆಯೇ ಏಕಾಯಿತು, ಅದರಲ್ಲಿದ್ದ ಒಂದು ಮೌನಕ್ಕಾಗಿ ನ್ಯಾಯಾಲಯದಲ್ಲಿ ಹೇಗೆ ವ್ಯಾಜ್ಯ ನಡೆಯಿತು ಎಂಬುದು ಇಂದಿನ ವಿಷಯ. ಕನ್ನಡದ ಮೇಷ್ಟರಿಗೆ ಮೋಡೆಮ್ಮಿನ ಉಸಾಬರಿ ಏಕೆಂದು ಕೇಳುವವರು ಉಂಟು. ವ್ಯಾಕರಣ ಮತ್ತು ಛಂದಸ್ಸನ್ನು ಮೂವತ್ತು ವರ್ಷ ಪಾಠಮಾಡಿದವನಿಗೆ ಅವೆರಡೂ ಒಂದು ಯಂತ್ರದೊಳಗೆ ಕಾಣಿಸಿಕೊಂಡರೆ ಕುತೂಹಲ ಹುಟ್ಟದಿರುವುದು ಹೇಗೆ?

ಮೊದಲು ಈ ಯಂತ್ರದ ಕೆಲಸವೇನೆಂಬುದನ್ನು ಹೇಳಿಬಿಡುತ್ತೇನೆ. ದೂರವಾಣಿಯ ವ್ಯವಸ್ಥೆ ಹುಟ್ಟಿದ್ದು ಮನುಷ್ಯರ ದನಿಗಾಗಿ. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳವರೆಗಿನ ನಾದವನ್ನಷ್ಟೇ ಅದು ಒಯ್ಯುತ್ತದೆ. ಕಂಪ್ಯೂಟರಿನ ಬಳಿ ಇರುವುದಾದರೋ ಸೊನ್ನೆ ಮತ್ತು ಒಂದು, ಇವೆರಡೇ. ಈ ಎರಡನ್ನು ಎರಡು ನಾದಗಳನ್ನಾಗಿ ಮಾರ್ಪಡಿಸಿ ತಂತಿಗೆ ಬಿಡುವುದು, ಆಚೆಯಿಂದ ಬಂದ ನಾದಗಳನ್ನು ಮತ್ತೆ ಸೊನ್ನೆ ಒಂದುಗಳನ್ನಾಗಿ ಬಿಡಿಸುವುದು ಮೋಡೆಮ್ಮಿನ ಕೆಲಸ. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬೆರಡು ಶಬ್ದಗಳ ತಲೆಗಳನ್ನು ಕೂಡಿಸಿದ ಹೆಸರದು. ಅಮೆರಿಕದ ಬೆಲ್ ದೂರವಾಣಿ ವ್ಯವಸ್ಥೆ 1962ರಲ್ಲಿ ಹೊರತಂದ 103 ಎಂಬ ಮೋಡೆಮ್ಮಿನಲ್ಲಿ ಕರೆ ಮಾಡಿದವನಿಗೆ 1070 ಮತ್ತು 1270 ಕಂಪನಗಳ ಎರಡು ನಾದಗಳು, ಕರೆಗೆ ಉತ್ತರ ಕೊಟ್ಟವನಿಗೆ 2025 ಮತ್ತು 2225ರ ಎರಡು ನಾದಗಳು. ಬೇರೆಬೇರೆ ಶ್ರುತಿಯಾದುದರಿಂದ ಇಬ್ಬರೂ ಏಕಕಾಲದಲ್ಲಿ ಮಾತನಾಡಬಹುದಾಗಿತ್ತು. ಇದು ಮನುಷ್ಯರಿಗೆ ಸಾಧ್ಯವಾಗದ ಸೌಜನ್ಯ. ವೇಗ ಸೆಕೆಂಡಿಗೆ 300 ಬಿಟ್, ಎಂದರೆ 30 ಅಕ್ಷರ. ತೆರೆಯ ಮೇಲೆ ಅಕ್ಷರಗಳು ಬಹುಮಟ್ಟಿಗೆ ಮನುಷ್ಯನು ಕಣ್ಣಿನಲ್ಲಿ ಓದುವ ವೇಗದಲ್ಲಿಯೇ ಮೂಡುತ್ತಿದ್ದುವು. ಮುಂದೆ ವೇಗ ನೂರಾರು ಪಾಲು ಹೆಚ್ಚಿತು. ಓದುವ ಕಣ್ಣಿಗೂ ಬರುವ ಅಕ್ಷರಕ್ಕೂ ಇದ್ದ ಈ ಸಮಜೋಡಿ ಮತ್ತೆ ಕೂಡಲಿಲ್ಲ.

ಆದರೆ ಈ ಪೆಟ್ಟಿಗೆಯನ್ನು ತಂತಿಗೆ ಜೋಡಿಸುವುದೇ ಬಹುಕಾಲ ಕಾನೂನಿಗೆ ವಿರುದ್ಧವಾಗಿತ್ತು. ತಂತಿಯೂ ಫೋನೂ ಕಂಪನಿಯವು. ಬೇರೆಯವರ ಸಾಧನವನ್ನು ಅವುಗಳಿಗೆ ತಗುಲಿಸಕೂಡದು ಎಂದು ಅಮೆರಿಕದ ದೂರವಾಣಿ ಸಂಸ್ಥೆ ಹಟ ಹಿಡಿದಿತ್ತು. ಮಾತು ಪಕ್ಕದವರಿಗೆ ಕೇಳಿಸದಿರಲೆಂದು ಫೋನಿನ ಬಾಯಿಗೆ ಸಿಕ್ಕಿಸುವ ಬಟ್ಟಲಿನಂಥ ಒಂದು ವಸ್ತುವಿತ್ತು, ಹಷ್-ಎ-ಫೋನ್ ಎಂದು ಅದರ ಹೆಸರು. ವಿದ್ಯುತ್ತಿನ ಸೋಂಕೂ ಇಲ್ಲದ ಆ ಬಟ್ಟಲಿನ ಮೇಲೂ ಸಂಸ್ಥೆ ತಕರಾರು ಮಾಡಿತು. 1956ರಲ್ಲಿ ಮೇಲ್ಮನವಿ ನ್ಯಾಯಾಲಯ ಬಟ್ಟಲಿನ ಪಕ್ಷವನ್ನು ಎತ್ತಿಹಿಡಿಯಿತು. ಟೆಕ್ಸಸ್ಸಿನ ಥಾಮಸ್ ಕಾರ್ಟರ್ ಎಂಬಾತನು ಎಣ್ಣೆಯ ಬಾವಿಗಳ ಬಳಿ ರೇಡಿಯೋ ಹಿಡಿದು ನಿಂತವರು ಫೋನಿನವರೊಡನೆ ಮಾತನಾಡುವಂತೆ ಒಂದು ಸಾಧನವನ್ನು ಮಾಡಿ ಮಾರಿದ. ಅವನ ಪರವಾಗಿ 1968ರಲ್ಲಿ ಸಂಪರ್ಕ ಆಯೋಗದ ತೀರ್ಪು ಬಂದಮೇಲೆ ತಂತಿಯ ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. ಅಲ್ಲಿಯವರೆಗೆ, ಆಮೇಲೆಯೂ ಕೆಲವು ಕಾಲ, ಜನ ಫೋನಿನ ಹಿಡಿಯನ್ನೇ ಎರಡು ರಬ್ಬರ್ ಬಟ್ಟಲುಗಳಲ್ಲಿ ಮಲಗಿಸಿ ಕೆಲಸ ಸಾಗಿಸಿದರು. ಯಂತ್ರವೇ ಫೋನಿನ ಬಾಯಿಗೆ ಹಾಡಬೇಕು, ಅದರ ಕಿವಿಯಿಂದ ಆಲಿಸಬೇಕು. ಇಂಥ ಜೋಡಣೆಯನ್ನು 1960ರ ದಶಕದಲ್ಲಿ ಮೊದಲಾಗಿ ರೂಪಿಸಿದವರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಭೌತವಿಜ್ಞಾನಿ ಮುಖ್ಯನಾದವನು. ಆತ ಹುಟ್ಟುಕಿವುಡ, ಕಿವಿ ಕೇಳದವರು ಟೆಲಿಟೈಪಿನಲ್ಲಿ ಅಕ್ಷರಗಳ ಮೂಲಕ ಫೋನಿನಲ್ಲಿ ಮಾತನಾಡಲೆಂದು ಅವನು ಅದನ್ನು ಮಾಡಿದ್ದು.

ಬಟ್ಟಲುಗಳ ಕಾಲದಲ್ಲಿ ಆಜ್ಞಾಭಾಷೆಯ ಅಗತ್ಯವೇ ಇರಲಿಲ್ಲ. ಸಂಖ್ಯೆಯನ್ನು ತಿರುಗಿಸುವುದು, ಆಚೆಯ ನಾದವನ್ನು ಕೇಳುವುದು, ಹಿಡಿಯನ್ನು ಮಲಗಿಸುವುದು, ಕೆಲಸ ಮುಗಿದ ಬಳಿಕ ಎತ್ತಿ ಇಡುವುದು, ಎಲ್ಲವೂ ಮನುಷ್ಯನ ಕೈಯ ಕೆಲಸ. ತಂತಿಗೆ ನೇರವಾಗಿ ಜೋಡಿಸಬಹುದಾದ ಮೇಲೆ ಈ ಕೈಕೆಲಸವನ್ನೂ ಯಂತ್ರಕ್ಕೇ ಒಪ್ಪಿಸುವ ಆಸೆ ಹುಟ್ಟಿತು. ಅಟ್ಲಾಂಟಾ ನಗರದ ಡೆನ್ನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್‌ಟನ್ ಎಂಬ ಇಬ್ಬರು ಗೆಳೆಯರು 1977ರಲ್ಲಿ ಹೇಯ್ಸನ ಮನೆಯ ಊಟದ ಮೇಜಿನ ಮೇಲೆ ಮೋಡೆಮ್ ಹಲಗೆಗಳನ್ನು ಜೋಡಿಸತೊಡಗಿದರು. ಮೊದಲನೆಯವನದು ವ್ಯಾಪಾರದ ತಲೆ, ಎರಡನೆಯವನದು ವಿನ್ಯಾಸದ ಕೈ. ಅವರ ಹಲಗೆಗಳು ಕಂಪ್ಯೂಟರಿನ ಒಡಲೊಳಗೆ ಕೂಡುವಂಥವು. 1978ರ ಫೆಬ್ರವರಿಯಲ್ಲಿ, ಷಿಕಾಗೋದ ಭಾರಿ ಹಿಮಪಾತದ ಬೆನ್ನಿಗೆ, ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಯೆಸ್ ಎಂಬಿಬ್ಬರು ಯಾರು ಬೇಕಾದರೂ ಫೋನ್ ಮಾಡಿ ಬರೆದಿಟ್ಟು ಓದಬಹುದಾದ ಒಂದು ಸೂಚನಾಫಲಕವನ್ನು ಕಂಪ್ಯೂಟರಿನಲ್ಲಿ ತೆರೆದಾಗ ಅದರೊಳಗೆ ಇದ್ದದ್ದೂ ಹೇಯ್ಸರ ಹಲಗೆಯೇ.

ಒಡಲೊಳಗಿನ ಹಲಗೆಗೆ ಆಜ್ಞೆ ಕೊಡುವುದು ಸುಲಭ. ದತ್ತಾಂಶಕ್ಕೆ ಒಂದು ದಾರಿ, ಅಪ್ಪಣೆಗೆ ಇನ್ನೊಂದು ದಾರಿ ಎಂದು ಕಂಪ್ಯೂಟರಿನೊಳಗೆ ಬೇರೆಬೇರೆ ಕಟ್ಟಬಹುದು. ಆದರೆ ಒಂದೊಂದು ಕಂಪ್ಯೂಟರಿನ ಒಡಲೂ ಒಂದೊಂದು ಬಗೆ. ಪ್ರತಿಯೊಂದಕ್ಕೂ ಬೇರೆ ಹಲಗೆ ಮಾಡಬೇಕು. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾಗಿ ಇದ್ದದ್ದು ಒಂದೇ, ಹಿಂಬದಿಯ ಸೀರಿಯಲ್ ಕೊಂಡಿ. ಅದರಲ್ಲಿ ಅಕ್ಷರಗಳು ಒಂದರ ಹಿಂದೆ ಒಂದರಂತೆ, ಇರುವೆಯ ಸಾಲಿನ ಹಾಗೆ, ಒಂದೇ ದಾರಿಯಲ್ಲಿ ಸಾಗಬೇಕು. ಹೊರಗಿನ ಪೆಟ್ಟಿಗೆಯೊಂದನ್ನು ಈ ಕೊಂಡಿಗೆ ಜೋಡಿಸಿದರೆ ಎಲ್ಲ ಯಂತ್ರಗಳಿಗೂ ಅದು ಒದಗುತ್ತದೆ ನಿಜ. ಆದರೆ ಅಲ್ಲಿಗೆ ಬರುವ ಅಕ್ಷರ ಪೆಟ್ಟಿಗೆಗೆ ಹೇಳಿದ ಮಾತೋ, ಪೆಟ್ಟಿಗೆಯ ಮೂಲಕ ದೂರದವನಿಗೆ ಹೇಳಿದ ಮಾತೋ? ಅಂಚೆಯವನ ಕೈಗೆ ಕಾಗದ ಕೊಟ್ಟು, ಅಂಚೆಯವನಿಗೇ ಏನಾದರೂ ಹೇಳಬೇಕಾದರೆ ಅದನ್ನೂ ಕಾಗದದಲ್ಲಿಯೇ ಬರೆಯಬೇಕೆಂಬ ಕಟ್ಟಳೆಯಿದ್ದರೆ ಹೇಗೆ, ಹಾಗೆ. ಈ ತೊಡಕನ್ನು ಬಿಡಿಸಿದ ಪೆಟ್ಟಿಗೆಯೇ 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್. ಫೋನಿನ ಅಡಿಯಲ್ಲಿ ಇಡಬಹುದಾದಷ್ಟು ಗಾತ್ರದ ಅಲ್ಯೂಮಿನಿಯಂ ಪೆಟ್ಟಿಗೆ, ಮುಂಬದಿಯಲ್ಲಿ ಕೆಂಪು ದೀಪಗಳ ಸಾಲು, ಒಳಗೆ ಅಕ್ಷರಗಳನ್ನು ಓದಿ ತಿಳಿಯಬಲ್ಲ ಒಂದು ಪುಟ್ಟ ಮೈಕ್ರೋಪ್ರೊಸೆಸರ್.

ಹೆದರಿಂಗ್‌ಟನ್ ಕಂಡ ಉಪಾಯವೆಂದರೆ ಪೆಟ್ಟಿಗೆಗೆ ಎರಡು ಅವಸ್ಥೆಗಳನ್ನು ಕಲ್ಪಿಸಿದ್ದು. ಕರೆ ಕೂಡುವ ಮೊದಲು ಅದು ಆಜ್ಞೆಯ ಅವಸ್ಥೆಯಲ್ಲಿರುತ್ತದೆ. ಆಗ ಬಂದ ಅಕ್ಷರಗಳೆಲ್ಲ ಅದಕ್ಕೇ ಹೇಳಿದವು. ಕರೆ ಕೂಡಿದ ಬಳಿಕ ಸಂವಹನದ ಅವಸ್ಥೆ. ಆಗ ಬಂದುದೆಲ್ಲ ತಂತಿಯಾಚೆಗೆ. ಆಜ್ಞೆಗಳೆಲ್ಲವೂ ಎ, ಟಿ ಎಂಬ ಎರಡು ರೋಮನ್ ಅಕ್ಷರಗಳಿಂದ ಆರಂಭವಾಗಬೇಕು. ಅಟೆನ್ಷನ್ ಎಂಬುದರ ಮೊದಲ ಭಾಗವದು. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಸಂಬೋಧನೆ. ‘ಎಲೆ, ಇತ್ತ ಕೇಳು’ ಎಂದಂತೆ. ಹಳ್ಳಿಯಲ್ಲಿ ಕರೆದರೂ ಹೆಸರು ಹಿಡಿದು ಕರೆದಮೇಲಲ್ಲವೇ ಕೆಲಸ ಹೇಳುವುದು?

ಆದರೆ ಈ ಎರಡಕ್ಷರಗಳ ಆಯ್ಕೆಯಲ್ಲಿ ಸಂಬೋಧನೆಗಿಂತ ಸೂಕ್ಷ್ಮವಾದ ಒಂದು ಸೌಕರ್ಯ ಉಂಟು. ನನಗೆ ಛಂದಸ್ಸಿನ ನೆನಪು ಬಂದದ್ದು ಅದರಿಂದ. ಕಂಪ್ಯೂಟರು ಯಾವ ವೇಗದಲ್ಲಿ ಅಕ್ಷರ ಕಳಿಸುತ್ತಿದೆ ಎಂಬುದು ಪೆಟ್ಟಿಗೆಗೆ ಮೊದಲೇ ತಿಳಿಯದು. ಮಾತ್ರೆಯ ಅಳತೆ ಗೊತ್ತಿಲ್ಲದವನಿಗೆ ಗುರು ಯಾವುದು, ಎರಡು ಲಘು ಯಾವುದು? ತಂತಿಯಲ್ಲಿ ಐದು ಸೊನ್ನೆಗಳು ಒಟ್ಟಿಗೆ ಬಂದರೆ ಅವು ವೇಗದ ಐದೋ, ನಿಧಾನದ ಒಂದೋ ಹೇಳಲಾಗದು. ಪ್ರತಿಯೊಂದು ಅಕ್ಷರದ ಮುಂದೆಯೂ ಆರಂಭಸೂಚಕವಾಗಿ ಒಂದು ಸೊನ್ನೆ ಬರುವುದು ಈ ಕೊಂಡಿಯ ನಿಯಮ. ಎ ಎಂಬ ಅಕ್ಷರದ ಬಿಟ್‌ಗಳು ತಂತಿಯಲ್ಲಿ ಬರುವ ಕ್ರಮ ಒಂದು, ಐದು ಸೊನ್ನೆ, ಮತ್ತೆ ಒಂದು. ಎಂದರೆ ಆರಂಭದ ಸೊನ್ನೆಯ ಬೆನ್ನಿಗೇ ಒಂದು ಬರುವುದರಿಂದ ಆ ಸೊನ್ನೆ ಸರಿಯಾಗಿ ಒಂದೇ ಮಾತ್ರೆಯಷ್ಟು ಬಾಳುತ್ತದೆ. ಪೆಟ್ಟಿಗೆ ಆ ಒಂದು ಲಘುವನ್ನು ಅಳೆದುಕೊಂಡು, ಮುಂದಿನದನ್ನೆಲ್ಲ ಅದೇ ಅಳತೆಗೋಲಿನಿಂದ ಓದುತ್ತದೆ. ಹಾಡುವವನ ಮೊದಲ ಅಕ್ಷರದಲ್ಲಿಯೇ ಕಾಲಪ್ರಮಾಣವನ್ನು ಹಿಡಿಯುವ ಮೃದಂಗದವನ ಹಾಗೆ.

ಇನ್ನು ಟಿ ಏಕೆ? ಆ ಕಾಲದಲ್ಲಿ ಅಕ್ಷರವು ತಂತಿಯಲ್ಲಿ ಕೆಡದೆ ಬಂದಿತೇ ಎಂದು ಪರೀಕ್ಷಿಸಲು ಪ್ರತಿ ಅಕ್ಷರದ ಜೊತೆಗೂ ಪ್ಯಾರಿಟಿ ಎಂಬ ಒಂದು ಹೆಚ್ಚಿನ ಬಿಟ್ ಕಳಿಸುತ್ತಿದ್ದರು. ಒಟ್ಟು ಒಂದುಗಳ ಲೆಕ್ಕ ಸಮವಾಗುವಂತೆ ಅದನ್ನು ಇಡುವವರು ಕೆಲವರು, ಬೆಸವಾಗುವಂತೆ ಇಡುವವರು ಕೆಲವರು, ಯಾವಾಗಲೂ ಒಂದನ್ನೋ ಯಾವಾಗಲೂ ಸೊನ್ನೆಯನ್ನೋ ಇಡುವವರು ಇನ್ನು ಕೆಲವರು. ಎ ಅಕ್ಷರದಲ್ಲಿ ಎರಡು ಒಂದುಗಳು, ಟಿ ಅಕ್ಷರದಲ್ಲಿ ಮೂರು. ಒಂದು ಸಮ, ಒಂದು ಬೆಸ. ಎರಡರ ಜೊತೆಗೆ ಬಂದ ಹೆಚ್ಚಿನ ಬಿಟ್‌ಗಳನ್ನು ಹೋಲಿಸಿದರೆ ನಾಲ್ಕು ಪದ್ಧತಿಗಳಲ್ಲಿ ಯಾವುದೆಂದು ನಿರ್ಣಯವಾಗಿಬಿಡುತ್ತದೆ. ಎರಡನ್ನೂ ದೊಡ್ಡಕ್ಷರದಲ್ಲಿ ಬರೆಯಬಹುದು, ಎರಡನ್ನೂ ಸಣ್ಣಕ್ಷರದಲ್ಲಿ ಬರೆಯಬಹುದು. ಒಂದು ದೊಡ್ಡದು ಒಂದು ಸಣ್ಣದು ಕೂಡದು ಎಂದು ಕೈಪಿಡಿಗಳು ವಿಧಿಸುತ್ತಿದ್ದುವು. ಓದಿದವರು ಇದನ್ನು ಯಾರೋ ಗುಮಾಸ್ತನ ಮಡಿವಂತಿಕೆಯೆಂದು ತಿಳಿಯುತ್ತಿದ್ದರು. ಕಾರಣ ಬೇರೆ. ಸಣ್ಣ ಎಯಲ್ಲಿ ಮೂರು ಒಂದುಗಳು, ಸಣ್ಣ ಟಿಯಲ್ಲಿ ನಾಲ್ಕು; ಬೆರಸಿ ಬರೆದರೆ ಎರಡೂ ಸಮವಾಗುತ್ತವೆ, ಇಲ್ಲವೇ ಎರಡೂ ಬೆಸವಾಗುತ್ತವೆ. ಆಗ ಹೋಲಿಸಲು ಆಧಾರವೇ ತಪ್ಪಿಹೋಗುತ್ತದೆ. ಎರಡಕ್ಷರದ ಒಂದು ಸಂಬೋಧನೆಯಲ್ಲಿ ಕರೆ, ಕಾಲಪ್ರಮಾಣ, ಶುದ್ಧಿಪರೀಕ್ಷೆ ಮೂರನ್ನೂ ಅಡಗಿಸಿದ ಈ ಮಿತವ್ಯಯವನ್ನು ನಾನು ಯಾವ ಕಾಲದ ಯಾವ ಸೂತ್ರಕಾರನ ಮುಂದೆಯೂ ನಾಚಿಕೆಯಿಲ್ಲದೆ ಇಡಬಲ್ಲೆ.

ಸಂಬೋಧನೆಯಾದ ಮೇಲೆ ಕ್ರಿಯಾಪದ. ಡಿ ಎಂದರೆ ಕರೆಮಾಡು. ಅದರ ಮುಂದೆ ಟಿ ಬರೆದರೆ ನಾದದಿಂದ, ಪಿ ಬರೆದರೆ ಮಿಡಿತದಿಂದ. ಎಚ್ ಎಂದರೆ ಫೋನನ್ನು ಕೆಳಗಿಡು, ಎ ಎಂದರೆ ಬಂದ ಕರೆಗೆ ಉತ್ತರ ಕೊಡು, ಝಡ್ ಎಂದರೆ ಎಲ್ಲವನ್ನೂ ಬಿಟ್ಟು ಮೊದಲಿನ ಸ್ಥಿತಿಗೆ ಮರಳು. ಎಮ್ ಧ್ವನಿವರ್ಧಕವನ್ನು ಆಳುತ್ತದೆ. ಆಗಲೇ ನೆನೆದ ಆ ಸದ್ದು ಮನೆಮಂದಿಗೆಲ್ಲ ಕೇಳಿಸುತ್ತಿದ್ದದ್ದು ಈ ಎಮ್‌ನ ದಯೆಯಿಂದ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಸಂಖ್ಯೆ ತಪ್ಪಿ ಯಾರದೋ ಮನೆಗೆ ಕರೆ ಹೋಗಿ, ನಿದ್ದೆಗಣ್ಣಿನ ಮನುಷ್ಯನೊಬ್ಬ ‘ಹಲೋ, ಯಾರು?’ ಎಂದರೆ ಯಂತ್ರಕ್ಕೆ ತಿಳಿಯದು; ಪಕ್ಕದಲ್ಲಿ ಕುಳಿತವನಿಗೆ ತಿಳಿಯಲಿ ಎಂಬುದು ಉದ್ದೇಶ. ಸಂಪರ್ಕ ಸ್ಥಿರವಾದ ಕೂಡಲೇ ಧ್ವನಿವರ್ಧಕ ತಾನಾಗಿ ಬಾಯಿ ಮುಚ್ಚುತ್ತಿತ್ತು.

ಅಲ್ಪವಿರಾಮಕ್ಕೂ ಈ ಭಾಷೆಯಲ್ಲಿ ಅರ್ಥವುಂಟು. ಸಂಖ್ಯೆಗಳ ನಡುವೆ ಒಂದು ಅಲ್ಪವಿರಾಮ ಬರೆದರೆ ಯಂತ್ರ ಎರಡು ಸೆಕೆಂಡು ತಡೆದು ಮುಂದುವರಿಯುತ್ತದೆ. ಕಛೇರಿಗಳಲ್ಲಿ ಹೊರಗಿನ ಲೈನಿಗಾಗಿ 9ನ್ನೋ 0ಯನ್ನೋ ಒತ್ತಿ, ನಾದ ಬರುವವರೆಗೆ ಕಾಯಬೇಕಲ್ಲವೇ? ಅದಕ್ಕಾಗಿ ಈ ಏರ್ಪಾಡು. ಬರವಣಿಗೆಯಲ್ಲಿ ಅಲ್ಪವಿರಾಮವನ್ನು ಕಂಡಕಂಡಲ್ಲಿ ಚೆಲ್ಲುವ ವಿದ್ಯಾರ್ಥಿಗಳಿಗೆ ಇದನ್ನು ನಾನು ದೃಷ್ಟಾಂತವಾಗಿ ಹೇಳುವುದುಂಟು: ಅಲ್ಲಿ ಒಂದೊಂದು ವಿರಾಮಕ್ಕೂ ಎರಡು ಸೆಕೆಂಡು ಕಾಯಬೇಕಾಗುತ್ತಿತ್ತು, ಎಂದು. ಹಿಂದಿನ ಆಜ್ಞೆಯನ್ನೇ ಮತ್ತೆ ಹೇಳಬೇಕಾದರೆ ಎ ಬರೆದು ಒಂದು ಓರೆಗೆರೆ ಎಳೆದರೆ ಸಾಕು. ಕಾರ್ಯನಿರತವಾದ ಸಂಖ್ಯೆಗೆ ಹತ್ತುಬಾರಿ ಕರೆ ಮಾಡಿದವರಿಗೆ ಅದರ ಬೆಲೆ ಗೊತ್ತು.

ಯಂತ್ರದ ಉತ್ತರಗಳೂ ಮಿತವಾದವೇ. ಆಜ್ಞೆ ತಿಳಿಯಿತೆನ್ನಲು ಓಕೆ, ತಿಳಿಯದಿದ್ದರೆ ಎರರ್, ಗಂಟೆ ಬಾರಿಸಿದರೆ ರಿಂಗ್, ಸಂಪರ್ಕವಾದರೆ ಕನೆಕ್ಟ್, ಆಗದಿದ್ದರೆ ಅಥವಾ ಕಡಿದುಹೋದರೆ ನೋ ಕ್ಯಾರಿಯರ್. ಈ ಕೊನೆಯ ಮಾತು ಒಂದು ತಲೆಮಾರಿನ ಬರಹಗಾರರಿಗೆ ನಗೆಯ ವಸ್ತುವಾಗಿತ್ತು. ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೆ ಆ ಎರಡು ಪದ ಬರೆದು, ಲೈನು ಕಡಿದುಹೋದಂತೆ ನಟಿಸುವುದು. ಇವಲ್ಲದೆ ಎಸ್ ಎಂಬ ಹೆಸರಿನ ಸಂಖ್ಯಾಸ್ಥಾನಗಳಿದ್ದುವು. ಎಸ್ ಸೊನ್ನೆಗೆ ಒಂದು ಎಂದು ಕೊಟ್ಟರೆ ಒಂದು ಗಂಟೆಗೇ ಯಂತ್ರ ಫೋನೆತ್ತುತ್ತದೆ. ಸೊನ್ನೆ ಎಂದು ಕೊಟ್ಟರೆ ಎಷ್ಟು ಬಾರಿಸಿದರೂ ಎತ್ತದು. ಇಂಥ ಆಜ್ಞೆಗಳನ್ನು ಸಾಲಾಗಿ ಪೋಣಿಸಿದ ಮಾಲೆಗಳನ್ನು ಜನ ಚೀಟಿಗಳಲ್ಲಿ ಬರೆದುಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಅವನ್ನು ಮಂತ್ರಗಳೆಂದು ಕರೆಯುವುದು ರೂಢಿಯಾಯಿತು. ನನಗೆ ಅದು ಒಪ್ಪಿಗೆಯಿಲ್ಲ. ಮಂತ್ರದ ಅರ್ಥ ಗೂಢ. ಇಲ್ಲಿ ಪ್ರತಿಯೊಂದು ಅಕ್ಷರದ ಅರ್ಥವೂ ಕೈಪಿಡಿಯಲ್ಲಿ ಬಹಿರಂಗವಾಗಿ ಅಚ್ಚಾಗಿದೆ. ಸೂತ್ರವೆಂದರೆ ಸರಿಯಾದೀತು. ಇಪ್ಪತ್ತಾರು ಅಕ್ಷರಗಳು ಸಾಲದೆ ಬಂದಾಗ ಮುಂದೆ ಒಂದು ಚಿಹ್ನೆಯನ್ನು ಸೇರಿಸಿ ಹೊಸ ಆಜ್ಞೆಗಳನ್ನು ಹುಟ್ಟಿಸಿದರು. ಬೇರೆ ಸಂಸ್ಥೆಗಳು ಬೇರೆ ಚಿಹ್ನೆಗಳನ್ನು ಹಿಡಿದುವು. ಒಂದೇ ಭಾಷೆಗೆ ಹತ್ತು ಉಪಭಾಷೆಗಳಾದುವು. ಭಾಷೆಯ ಸ್ವಭಾವವೇ ಅದು, ಅದಕ್ಕೆ ಯಂತ್ರವೂ ಹೊರತಲ್ಲ.

ಈಗ ಮೌನದ ವಿಚಾರ. ಕರೆ ಕೂಡಿ ಮಾತುಕತೆ ನಡೆಯುತ್ತಿದೆ. ಕಂಪ್ಯೂಟರಿನಿಂದ ಹೊರಟ ಪ್ರತಿಯೊಂದು ಅಕ್ಷರವೂ ತಂತಿಯಾಚೆಗೆ ಹೋಗುತ್ತಿದೆ. ಇದರ ನಡುವೆ ಪೆಟ್ಟಿಗೆಗೆ ‘ಸಾಕು, ಫೋನ್ ಇಡು’ ಎನ್ನಬೇಕು. ಹೇಗೆ? ಯಾವುದಾದರೂ ವಿಶೇಷ ಅಕ್ಷರಗಳನ್ನು ಅದಕ್ಕಾಗಿ ಮೀಸಲಿಡಬಹುದು. ಹೆದರಿಂಗ್‌ಟನ್ ಮೂರು ಸಂಕಲನ ಚಿಹ್ನೆಗಳನ್ನು, +++ ಎಂದು, ಆರಿಸಿಕೊಂಡ. ಆದರೆ ಆ ಮೂರು ಚಿಹ್ನೆಗಳು ಯಾರದೋ ಕಾಗದದಲ್ಲಿಯೋ ಲೆಕ್ಕದಲ್ಲಿಯೋ ಸಹಜವಾಗಿಯೇ ಬಂದುಬಿಟ್ಟರೆ? ಅಕ್ಷರಗಳಲ್ಲಿ ಎಂಥ ಗುರುತನ್ನು ಮೀಸಲಿಟ್ಟರೂ, ಅದು ಅಕ್ಷರವಾದುದರಿಂದಲೇ, ಬರಹದೊಳಗೆ ಬರಬಹುದು. ಬರಹದೊಳಗೆ ಬರಲಾರದ್ದು ಒಂದೇ: ಬರಹವಿಲ್ಲದಿರುವಿಕೆ. ಆದ್ದರಿಂದ ಅವನ ನಿಯಮ ಹೀಗಾಯಿತು. ಮೊದಲು ಒಂದು ಸೆಕೆಂಡು ಏನನ್ನೂ ಕಳಿಸಬೇಡ; ಆಮೇಲೆ ಮೂರು ಚಿಹ್ನೆ; ಆಮೇಲೆ ಮತ್ತೆ ಒಂದು ಸೆಕೆಂಡು ಏನನ್ನೂ ಕಳಿಸಬೇಡ. ಆಗ ಮಾತ್ರ ಪೆಟ್ಟಿಗೆ ಅದನ್ನು ತನಗೆ ಹೇಳಿದ ಮಾತೆಂದು ತಿಳಿದು, ಲೈನನ್ನು ಕಡಿಯದೆ, ಓಕೆ ಎಂದು ಆಜ್ಞೆಗೆ ಕಾಯುತ್ತದೆ. ಕಡತವೊಂದು ಎಡೆಬಿಡದೆ ಹರಿಯುವಾಗ ಅದರ ನಡುವೆ ಹೀಗೆ ಇಬ್ಬದಿಯಲ್ಲಿಯೂ ಒಂದೊಂದು ಸೆಕೆಂಡಿನ ಬಯಲು ಬೀಳುವುದು ಅಪೂರ್ವ. ಯತಿಯನ್ನು ಮೀರುವುದೇ ಕನ್ನಡ ಛಂದಸ್ಸಿನ ರೂಢಿಯೆಂದು ನಮ್ಮ ಪಂಡಿತರು ಹೇಳುತ್ತ ಬಂದಿದ್ದಾರೆ. ಈ ಯತಿಯನ್ನು ಮೀರಿದರೆ ಮಾತ್ರ ಅರ್ಥವೇ ಇಲ್ಲ. ಬಾನುಲಿಯಲ್ಲಿ ಮಾತನಾಡುವವನು ಎರಡು ಸೆಕೆಂಡು ಸುಮ್ಮನಾದರೆ ಕೇಳುಗರು ಯಂತ್ರ ಕೆಟ್ಟಿತೆಂದು ಗುಂಡಿ ತಿರುಗಿಸುತ್ತಾರೆ. ಅಲ್ಲಿಯಾದರೋ ಸುಮ್ಮನಿದ್ದದ್ದೇ ಯಂತ್ರಕ್ಕೆ ಮಾತಾಯಿತು.

ಈ ಉಪಾಯಕ್ಕೆ 1985ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರ ಪೇಟೆಂಟ್ ಕೊಟ್ಟಿತು. ಅಷ್ಟು ಹೊತ್ತಿಗೆ ಹೇಯ್ಸರ ಆಜ್ಞೆಗಳು ಎಲ್ಲರ ಆಜ್ಞೆಗಳಾಗಿದ್ದುವು. ಹತ್ತಾರು ತಯಾರಕರು ತಮ್ಮ ಮೋಡೆಮ್ ಹೇಯ್ಸ್‌ಗೆ ಹೊಂದುವಂಥದೆಂದು ಡಬ್ಬಿಯ ಮೇಲೆ ಅಚ್ಚುಹಾಕಿ ಮಾರುತ್ತಿದ್ದರು. ಸಂಸ್ಥೆ ಅವರಿಂದ ಪರವಾನಗಿ ಶುಲ್ಕ ಕೇಳಿತು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಎವರೆಕ್ಸ್, ಆಮ್ನಿಟೆಲ್, ವೆನ್-ಟೆಲ್ ಎಂಬ ಮೂರು ಸಂಸ್ಥೆಗಳ ಮೇಲಿನ ಮೊಕದ್ದಮೆಯಲ್ಲಿ 1991ರಲ್ಲಿ ಜ್ಯೂರಿ ಹೇಯ್ಸರ ಪರವಾಗಿ ತೀರ್ಮಾನ ಕೊಟ್ಟಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮಾತಿನ ನಡುವಣ ಒಂದು ಸೆಕೆಂಡಿನ ಮೌನಕ್ಕೆ ಒಡೆಯನುಂಟು, ಅವನಿಗೆ ಕಪ್ಪ ಸಲ್ಲಬೇಕು ಎಂದಂತಾಯಿತು. ಕೇಳಿದ ಕೂಡಲೇ ಇದು ಅಪಹಾಸ್ಯವೆನಿಸುತ್ತದೆ. ಭಾಷೆಯನ್ನು ಬಳಸಿ ಬೆಳಸಿದವರು ಸಾವಿರಾರು ಜನ. ಅದರ ಯತಿಸ್ಥಾನ ಮಾತ್ರ ಒಬ್ಬನ ಸ್ವತ್ತೇ? ಆದರೆ ನಾನು ಹೆಚ್ಚು ಯೋಚಿಸಿದಂತೆಲ್ಲ ಹೆದರಿಂಗ್‌ಟನ್ನನ ಪಕ್ಷಕ್ಕೇ ವಾಲಿದ್ದೇನೆ. ಪೇಟೆಂಟ್ ಸಂದದ್ದು ಮೌನಕ್ಕಲ್ಲ. ಮೌನವನ್ನು ಅಕ್ಷರದ ಇಬ್ಬದಿಯಲ್ಲಿಯೂ ಕಾವಲಿಗೆ ನಿಲ್ಲಿಸಬಹುದೆಂಬ ಕಾಣ್ಕೆಗೆ. ಆ ಕಾಣ್ಕೆ ಅವನಿಗಿಂತ ಮೊದಲು ಈ ಕೆಲಸದಲ್ಲಿದ್ದ ದೊಡ್ಡದೊಡ್ಡ ಸಂಸ್ಥೆಗಳಿಗೆ ಹೊಳೆದಿರಲಿಲ್ಲ.

ಶುಲ್ಕ ಕೊಡಲೊಲ್ಲದವರು ಏನು ಮಾಡಿದರೆಂಬುದು ಈ ವಾದಕ್ಕೆ ಇನ್ನೊಂದು ಪುರಾವೆ. ಅವರು ಮೌನವನ್ನು ಕೈಬಿಟ್ಟರು. ಮೂರು ಚಿಹ್ನೆಗಳ ಬೆನ್ನಿಗೇ ಎಟಿ ಮತ್ತು ಸರಿಯಾದ ಒಂದು ಆಜ್ಞೆ ಬಂದರೆ ಸಾಕು, ಅದನ್ನು ತನಗೆ ಹೇಳಿದ್ದೆಂದು ಪೆಟ್ಟಿಗೆ ತಿಳಿಯಲಿ ಎಂದು ಹೊಸ ನಿಯಮ ಮಾಡಿಕೊಂಡರು. ಅಂಥ ಸಾಲು ಆಕಸ್ಮಿಕವಾಗಿ ಬರುವುದುಂಟೇ ಎಂಬುದು ಅವರ ವಾದ. ಆಕಸ್ಮಿಕವಾಗಿ ಬಾರದಿರಬಹುದು, ಮೋಡೆಮ್ಮಿನ ವಿಷಯವಾಗಿಯೇ ಬರೆದ ಲೇಖನವೊಂದನ್ನು ಅಂಥ ಮೋಡೆಮ್ಮಿನ ಮೂಲಕ ಕಳಿಸಿದರೆ ಬಂದೇ ಬರುತ್ತದೆ. ಲೇಖನದ ಆ ಸಾಲಿಗೆ ಬರುತ್ತಿದ್ದಂತೆ ಲೈನು ಕಡಿದುಹೋಗಬೇಕು. ಹೇಯ್ಸ್ ಸಂಸ್ಥೆ ಈ ದೋಷವನ್ನು ತನ್ನ ಜಾಹೀರಾತುಗಳಲ್ಲಿಯೇ ಎತ್ತಿ ಆಡಿತು. 1990ರ ದಶಕದ ಕೊನೆಯಲ್ಲಿ ಕಿಡಿಗೇಡಿಗಳು ಇದನ್ನೇ ಆಯುಧವಾಗಿ ಮಾಡಿಕೊಂಡರು. ಅಂತರಜಾಲದಲ್ಲಿ ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ವಿಚಾರಿಸುವ ಪಿಂಗ್ ಎಂಬ ಪದ್ಧತಿಯಿದೆ. ಕೇಳಿದ ಅಕ್ಷರಗಳನ್ನೇ ಮರಳಿ ಕಳಿಸುವುದು ಅದರ ಉತ್ತರ. ಆ ವಿಚಾರಣೆಯೊಳಗೆ ಮೂರು ಚಿಹ್ನೆಗಳನ್ನೂ ಫೋನ್ ಇಡುವ ಆಜ್ಞೆಯನ್ನೂ ಅಡಗಿಸಿ ಕಳಿಸಿದರೆ, ಪಾಪದ ಕಂಪ್ಯೂಟರು ವಿಧೇಯತೆಯಿಂದ ಅದನ್ನೇ ಮರುನುಡಿಯುತ್ತದೆ. ಹೊರಡುವ ದಾರಿಯಲ್ಲಿ ಅದರದೇ ಮೋಡೆಮ್ ಅದನ್ನು ಆಜ್ಞೆಯೆಂದು ತಿಳಿದು ಫೋನಿಟ್ಟುಬಿಡುತ್ತದೆ. ಭಸ್ಮಾಸುರನು ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ ಕಥೆ ನೆನಪಾಗದಿರದು. ಒಂದು ಸೆಕೆಂಡಿನ ಮೌನವನ್ನು ಉಳಿಸಿಕೊಂಡಿದ್ದ ಮೋಡೆಮ್‌ಗಳಿಗೆ ಈ ಬಾಧೆ ತಟ್ಟಲಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. 1986ರಲ್ಲಿ ಕೇಂದ್ರ ಸರ್ಕಾರ ವಿಶ್ವಸಂಸ್ಥೆಯ ನೆರವಿನಿಂದ ಆರಂಭಿಸಿದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಅದರ ಮೊದಲ ಮಿಂಚಂಚೆಗಳು ಓಡಾಡಿದ್ದು ಡಯಲ್-ಅಪ್ ಕರೆಗಳಲ್ಲಿಯೇ. ಸಾರ್ವಜನಿಕರಿಗೆ ವಿದೇಶ ಸಂಚಾರ ನಿಗಮವು ಅಂತರಜಾ‍ಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಆ ಹೊತ್ತಿಗೆ ದೂರವಾಣಿಯ ಎಕ್ಸ್‌ಚೇಂಜುಗಳು ಬದಲಾಗುತ್ತಿದ್ದ ಕಾಲ. ಸಿ-ಡಾಟ್ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು ಮೊದಲಿಗೆ ಬಂದದ್ದು ನಮ್ಮ ಕಿತ್ತೂರಿಗೆ, 1986ರಲ್ಲಿ. ಆದರೂ ಹಳೆಯ ಬಗೆಯ, ಮಿಡಿತಗಳನ್ನು ಎಣಿಸುವ ಎಕ್ಸ್‌ಚೇಂಜುಗಳು ಅಲ್ಲಲ್ಲಿ ಉಳಿದಿದ್ದುವು. ಅಲ್ಲಿ ಟಿಯ ಬದಲು ಪಿ ಬರೆಯಬೇಕು; ಒಂದಕ್ಕೆ ಒಂದು ಮಿಡಿತ, ಎರಡಕ್ಕೆ ಎರಡು, ಸೊನ್ನೆಗೆ ಹತ್ತು. ಸೊನ್ನೆಗಳು ಹೆಚ್ಚಿದ ಸಂಖ್ಯೆಗೆ ಕರೆ ಮಾಡುವಾಗ ಯಂತ್ರ ಟಕಟಕ ಎಂದು ಬಹಳ ಹೊತ್ತು ಕುಟ್ಟುತ್ತಲೇ ಇರುತ್ತಿತ್ತು.

ನಾನು ಪಾಠ ಹೇಳುತ್ತಿದ್ದ ಕಾಲೇಜಿಗೆ ಮೋಡೆಮ್ ಬಂದದ್ದು 1999ರಲ್ಲಿ. ಅದು ಮೊದಲ ದಿನವೇ ಡಯಲ್ ಟೋನ್ ಇಲ್ಲವೆಂದು ಹಟ ಹಿಡಿಯಿತು. ಫೋನಿನ ಹಿಡಿಯನ್ನು ಕಿವಿಗಿಟ್ಟುಕೊಂಡರೆ ನಾದ ನಮಗೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ; ಯಂತ್ರ ಮಾತ್ರ ಇಲ್ಲವೆನ್ನುತ್ತದೆ. ಪ್ರಾಚಾರ್ಯರು ಲೈನಿನವರನ್ನು ಕರೆಸಿದರು, ಅವರು ತಂತಿಯನ್ನು ಜಗ್ಗಿ ನೋಡಿ ಎಲ್ಲವೂ ಸರಿಯಿದೆಯೆಂದು ಹೋದರು. ಕೊನೆಗೆ ಬಿಎಸ್‌ಸಿ ತರಗತಿಯ ಒಬ್ಬ ಹುಡುಗ ಬಂದು, ‘ಸರ್, ಇದರ ಕಿವಿ ಅಮೆರಿಕದ್ದು’ ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಕಂಪನಗಳ ಎರಡು ನಾದಗಳ ಕೂಟ; ನಮ್ಮದು 400 ಕಂಪನಗಳ ಒಂದು ನಾದವನ್ನು 25ರಿಂದ ಅಲುಗಿಸಿದ್ದು. ಆ ನಾದವನ್ನು ನಿರೀಕ್ಷಿಸುತ್ತಿದ್ದ ಯಂತ್ರಕ್ಕೆ ಈ ನಾದ ನಾದವೇ ಅಲ್ಲ. ಹುಡುಗ ಕಂಪ್ಯೂಟರಿನ ಒಂದು ಮೂಲೆಯ ಚೌಕದಲ್ಲಿ ಎಟಿಎಕ್ಸ್3 ಎಂದು ಬರೆದ. ನಾದಕ್ಕಾಗಿ ಕಾಯಬೇಡ, ಸುಮ್ಮನೆ ಕರೆ ಮಾಡು ಎಂದು ಅದರ ಅರ್ಥ. ಕರೆ ಕೂಡಿತು. ಅವನ ಚೀಟಿಯನ್ನು ನಾನು ಕೇಳಿ ತೆಗೆದುಕೊಂಡೆ. ಈ ಭಾಷೆಯ ಗೀಳು ನನಗೆ ಹಿಡಿದದ್ದು ಹಾಗೆ. ಕನ್ನಡ ವಿಭಾಗದ ಮೇಷ್ಟರು ಇಂಗ್ಲಿಷಿನ ಕೈಪಿಡಿಯನ್ನು ತರ್ಜುಮೆ ಮಾಡಿಕೊಳ್ಳುತ್ತಿದ್ದಾರೆಂದು ಸಹೋದ್ಯೋಗಿಗಳು ಕೆಲವು ದಿನ ನಕ್ಕರು.

ಆ ಭಾಷೆಯಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಆಜ್ಞೆಯಷ್ಟೇ ಅಲ್ಲ, ಕಳಿಸುವ ಮಾತಿಗೂ ತೊಡಕಿತ್ತು. ಏಳು ಬಿಟ್ಟಿನ ಅಕ್ಷರಕ್ಕೆ ಎಂಟನೆಯದಾಗಿ ಪ್ಯಾರಿಟಿ ಸೇರಿಸುವ ದಾರಿಯಲ್ಲಿ 128 ಗುರುತುಗಳಿಗಷ್ಟೇ ಸ್ಥಳ. ರೋಮನ್ ಲಿಪಿ ಅದನ್ನೆಲ್ಲ ತುಂಬಿಕೊಂಡು ಕುಳಿತಿತ್ತು. ಹೊರನಾಡಿನ ಕನ್ನಡಿಗರು ಬಹುಕಾಲ ರೋಮನ್ ಅಕ್ಷರಗಳಲ್ಲಿಯೇ ಕನ್ನಡವನ್ನು ಬರೆದು ಕಳಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂದಾಗ ಹಾಗೆ ಬರೆದದ್ದನ್ನೇ ಕನ್ನಡ ಲಿಪಿಗೆ ತಿರುಗಿಸುವ ದಾರಿ ಅನೇಕರಿಗೆ ತೆರೆಯಿತು. ಅದು ಬೇರೆಯೇ ಒಂದು ಭಾಷಣದ ವಸ್ತು.

ಭಾಷೆಯನ್ನು ಕೊಟ್ಟವರ ಗತಿ ಏನಾಯಿತು? ಹೆದರಿಂಗ್‌ಟನ್ 1980ರ ದಶಕದ ನಡುವಿನಲ್ಲಿಯೇ ಸಂಸ್ಥೆಯಿಂದ ದೂರವಾದ. ಪೇಟೆಂಟ್ ಮೊಕದ್ದಮೆಯನ್ನು ಗೆದ್ದ ಸಂಸ್ಥೆ ಮಾರುಕಟ್ಟೆಯಲ್ಲಿ ಸೋತಿತು. ಅಗ್ಗದ ಬೆಲೆಗೆ ಅದೇ ಆಜ್ಞೆಗಳನ್ನು ತಿಳಿಯುವ ಪೆಟ್ಟಿಗೆಗಳು ಸಿಗುವಾಗ ಮೂಲದವರ ದುಬಾರಿ ಪೆಟ್ಟಿಗೆಯನ್ನು ಯಾರು ಕೊಳ್ಳುತ್ತಾರೆ? 1994ರಲ್ಲಿ ಅದು ದಿವಾಳಿತನದ ರಕ್ಷಣೆ ಬೇಡಿತು, ಚೇತರಿಸಿಕೊಂಡು ಮತ್ತೆ ಬಿದ್ದಿತು. 1999ರಲ್ಲಿ ಆಸ್ತಿಪಾಸ್ತಿಗಳು ಮಾರಾಟವಾಗಿ ಬಾಗಿಲು ಮುಚ್ಚಿತು. ಅದರ ಹಿಂದಿನ ವರ್ಷವಷ್ಟೇ ಫೋನಿನ ತಂತಿಯಲ್ಲಿ ಸೆಕೆಂಡಿಗೆ 56 ಸಾವಿರ ಬಿಟ್‌ಗಳ ವೇಗಕ್ಕೆ ಅಂತರರಾಷ್ಟ್ರೀಯ ಮಟ್ಟದ ನಿಯಮ ಸಿದ್ಧವಾಗಿತ್ತು. ತಂತಿಯ ಮೋಡೆಮ್ ತನ್ನ ತುದಿಯನ್ನು ಮುಟ್ಟಿದ ಬೆನ್ನಿಗೇ ಹೇಯ್ಸ್ ಇಲ್ಲವಾಯಿತು.

ಆಜ್ಞೆಗಳು ಮಾತ್ರ ಉಳಿದುವು. ಮೊಬೈಲ್ ಫೋನುಗಳ ಅಂತರರಾಷ್ಟ್ರೀಯ ನಿಯಮಗಳನ್ನು ಬರೆದವರು ಹೊಸ ಭಾಷೆಯೊಂದನ್ನು ಹುಟ್ಟಿಸುವ ಗೋಜಿಗೆ ಹೋಗದೆ, ಎಟಿಯ ಮುಂದೆ ಒಂದು ಸಂಕಲನ ಚಿಹ್ನೆಯನ್ನಿಟ್ಟು ತಮಗೆ ಬೇಕಾದ ಆಜ್ಞೆಗಳನ್ನು ಸೇರಿಸಿಕೊಂಡರು. ಎಟಿ+ಸಿಎಸ್‌ಕ್ಯೂ ಎಂದರೆ ಸಂಕೇತ ಎಷ್ಟು ಬಲವಾಗಿದೆ, ಹೇಳು ಎಂದು. ಎಟಿ+ಸಿಎಮ್‌ಜಿಎಸ್ ಎಂದರೆ ಈ ಕಿರುಸಂದೇಶವನ್ನು ಕಳಿಸು ಎಂದು. ನಮ್ಮ ಕಡೆಯ ರೈತರು ಹೊಲದ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲೂ ಮಾಡಲು ಮೊಬೈಲ್ ಸ್ಟಾರ್ಟರುಗಳನ್ನು ಹಾಕಿಸಿಕೊಂಡಿದ್ದಾರಲ್ಲ, ಅಂಥವುಗಳೊಳಗೆ ಸಿಮ್ ಕಾರ್ಡ್ ಸೇರಿಸಿದ ಒಂದು ಪುಟ್ಟ ಮೋಡೆಮ್ ಇರುತ್ತದೆ. ಪಕ್ಕದ ಚಿಪ್ಪು ಅದನ್ನು ಎಬ್ಬಿಸುವುದು ಇಂದಿಗೂ ಆ ಎರಡಕ್ಷರಗಳಿಂದಲೇ. ಕೆಲವು ಸಾಧನಗಳಲ್ಲಿ ಆ ಅಕ್ಷರಗಳನ್ನು ಈಗಲೂ ವೇಗ ಅಳೆಯಲು ಬಳಸುತ್ತಾರೆ; ವೇಗ ಮೊದಲೇ ಗೊತ್ತಿರುವ, ಯುಎಸ್‌ಬಿ ಕೊಂಡಿಯ ಸಾಧನಗಳಲ್ಲಿ ಅಳೆಯಬೇಕಾದ್ದೇ ಇಲ್ಲ, ಆದರೂ ಹಾಗೆಯೇ ಕರೆಯುತ್ತಾರೆ. ಓಕೆ ಎಂದು ಉತ್ತರ ಬಂದಮೇಲೆಯೇ ಮುಂದಿನ ಆಜ್ಞೆ.